ಉಚಿತ ಟ್ರಯಲ್ ಕೊಟ್ಟರೆ ಜನ ಆ್ಯಪ್‌ಗೆ ಹಣ ಕೊಡುತ್ತಾರೆಯೇ?

ಪ್ರಶ್ನೆ: ವಿಜಯನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ಮನೆಪಾಠ ಹೇಳುವ ಶಿಕ್ಷಕರಿಗೆಂದು ನಾನೂ ನನ್ನ ಸ್ನೇಹಿತರೊಬ್ಬರೂ ಸೇರಿ ಒಂದು ಮೊಬೈಲ್ ಆ್ಯಪ್ ಸಿದ್ಧಪಡಿಸಿದ್ದೇವೆ. ಯಾವ ಮಗು ಯಾವ ಬ್ಯಾಚಿನಲ್ಲಿದೆ, ಯಾರು ಎಷ್ಟು ದಿನ ಬಂದರು, ಯಾರ ಫೀಸು ಬಂದಿದೆ, ಯಾರದು ಬಾಕಿ ಇದೆ ಎಂಬುದನ್ನೆಲ್ಲ ಅದರಲ್ಲಿ ಬರೆದಿಡಬಹುದು; ಬಾಕಿ ಇರುವ ಪೋಷಕರಿಗೆ ವಾಟ್ಸ್‌ಆ್ಯಪ್ ಮೂಲಕ ಕನ್ನಡದಲ್ಲಿಯೇ, ಮರ್ಯಾದೆಯ ಮಾತಿನಲ್ಲಿ ನೆನಪಿಸಬಹುದು; ಹಣ ಬಂದ ಕೂಡಲೇ ರಸೀದಿ ಕಳುಹಿಸಬಹುದು. ಸರಸ್ವತಿಪುರಂ, ಕುವೆಂಪುನಗರದಂತಹ ಬಡಾವಣೆಗಳಲ್ಲಿ ಮನೆಯ ಮಹಡಿಯ ಮೇಲೆ ಗಣಿತವನ್ನೋ ವಿಜ್ಞಾನವನ್ನೋ ಕಲಿಸುತ್ತ, ಲೆಕ್ಕವನ್ನೆಲ್ಲ ಇಂದಿಗೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಇಡುವವರೇ ನಮ್ಮ ಮನಸ್ಸಿನಲ್ಲಿರುವ ಗ್ರಾಹಕರು.

ಬೆಲೆಯನ್ನು ವರ್ಷಕ್ಕೆ 499 ರೂಪಾಯಿ ಎಂದು ಗೊತ್ತುಮಾಡಿದ್ದೇವೆ. ಆದರೆ ಉಚಿತ ಟ್ರಯಲ್ ಕೊಡಬೇಕೇ ಬೇಡವೇ ಎಂಬ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲ. ಬಳಸಿ ನೋಡದೆ ಯಾರೂ ಹಣ ಕೊಡುವುದಿಲ್ಲ, ಆದ್ದರಿಂದ ಮೊದಲ ಒಂದು ತಿಂಗಳು ಪೂರ್ತಿ ಉಚಿತವಾಗಿರಲಿ ಎಂಬುದು ಸ್ನೇಹಿತರ ನಿಲುವು. ನನ್ನ ಅನುಮಾನ ಬೇರೆ ಬಗೆಯದು. ಉಚಿತ ಎಂದೊಡನೆ ಇಳಿಸಿಕೊಳ್ಳುವವರ ಸಂಖ್ಯೆ ಏರುವುದರಲ್ಲಿ ಸಂದೇಹವಿಲ್ಲ, ಆದರೆ ಅವಧಿ ಮುಗಿದ ದಿನ ಅವರಲ್ಲಿ ಹೆಚ್ಚಿನವರು ಆ್ಯಪನ್ನು ಅಳಿಸಿ ನೋಟ್‌ಬುಕ್ಕಿಗೇ ಮರಳಿದರೆ, ಅಷ್ಟು ಜನರ ಫೋನ್ ಕರೆಗಳಿಗೆ ಉತ್ತರಿಸಿದ್ದಷ್ಟೇ ನಮ್ಮ ಪಾಲಿಗೆ ಉಳಿಯುತ್ತದೆ. ಟ್ರಯಲ್ ಇಲ್ಲದಿದ್ದರೂ ಕೊಳ್ಳುತ್ತಿದ್ದ ಕೆಲವರು ಸಹ ಅದು ಇದೆ ಎಂಬ ಕಾರಣಕ್ಕೆ ಕೊಳ್ಳುವುದನ್ನು ಮುಂದಕ್ಕೆ ಹಾಕಬಹುದು.

ಆದ್ದರಿಂದ ತಿಳಿದವರಲ್ಲಿ ಕೇಳಿಕೊಳ್ಳುವುದು ಇಷ್ಟು. ಟ್ರಯಲ್‌ನಿಂದ ಕೊಳ್ಳುವವರ ಸಂಖ್ಯೆ ನಿಜವಾಗಿಯೂ ಹೆಚ್ಚುತ್ತದೆಯೇ? ಹೆಚ್ಚುವುದಾದರೆ ಅವಧಿ ಒಂದು ವಾರವಿರಬೇಕೇ, ಒಂದು ತಿಂಗಳಿರಬೇಕೇ? ಟ್ರಯಲ್ ಆರಂಭಿಸುವಾಗಲೇ ಯುಪಿಐ ಆಟೋಪೇ ಒಪ್ಪಿಗೆಯನ್ನು ಪಡೆದು, ಅವಧಿ ಮುಗಿದೊಡನೆ ಹಣ ತಾನಾಗಿ ಕಡಿತವಾಗುವಂತೆ ಮಾಡುವುದು ಸರಿಯಾದೀತೇ?

ಉತ್ತರ 1: ಅರ್ಥಶಾಸ್ತ್ರದ ಅಧ್ಯಾಪಕ, ಮಂಡ್ಯ

ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಎನ್ನಲಾಗುವುದಿಲ್ಲ. ಆದರೂ ಯಾವ ಬಗೆಯ ಸರಕಿಗೆ ಟ್ರಯಲ್ ನೆರವಾಗುತ್ತದೆ ಎಂಬ ಬಗ್ಗೆ ಅರ್ಥಶಾಸ್ತ್ರದಲ್ಲಿ ಸಾಕಷ್ಟು ಹಳೆಯ ಚಿಂತನೆಯಿದೆ. ಕೊಳ್ಳುವ ಮೊದಲೇ ಗುಣವನ್ನು ಪರೀಕ್ಷಿಸಿ ತಿಳಿಯಬಹುದಾದ ಸರಕು ಒಂದು, ಬಳಸಿದ ಮೇಲಷ್ಟೇ ಗುಣ ತಿಳಿಯುವ ಸರಕು ಇನ್ನೊಂದು ಎಂದು ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ 1970ರಲ್ಲಿಯೇ ವಿಂಗಡಿಸಿದ್ದರು. ನಿಮ್ಮ ಆ್ಯಪ್ ಎರಡನೆಯ ಗುಂಪಿಗೆ ಸೇರಿದ್ದು. ಪ್ಲೇ ಸ್ಟೋರಿನಲ್ಲಿ ನೀವು ಹಾಕುವ ನಾಲ್ಕು ಚಿತ್ರಗಳನ್ನು ನೋಡಿ, ತನ್ನ ನೋಟ್‌ಬುಕ್ಕಿಗಿಂತ ಇದು ಹೇಗೆ ಮೇಲು ಎಂಬುದನ್ನು ಒಬ್ಬ ಶಿಕ್ಷಕಿ ತಿಳಿಯಲಾರರು. ಅಂತಹ ಸರಕಿಗೆ ಟ್ರಯಲ್ ಬೇಕೇ ಬೇಕು ಎಂದು ನಾನು ಭಾವಿಸುತ್ತೇನೆ. ಇಲ್ಲದಿದ್ದರೆ ಕೊಳ್ಳುವವರು ಅಪಾಯದ ಲೆಕ್ಕವನ್ನು ಬೆಲೆಯಲ್ಲಿ ಕಳೆದು ನೋಡುತ್ತಾರೆ. 499 ರೂಪಾಯಿಯ ವಸ್ತು ಅವರ ಕಣ್ಣಿಗೆ ನೂರು ರೂಪಾಯಿಗೂ ದುಬಾರಿಯಾಗಿ ಕಾಣುತ್ತದೆ.

ಎರಡನೆಯ ಕಾರಣ ಮನಸ್ಸಿನ ಸ್ವಭಾವಕ್ಕೆ ಸಂಬಂಧಿಸಿದ್ದು. ಕಾಹ್ನೆಮನ್, ನೆಚ್ ಮತ್ತು ಥೇಲರ್ ಎಂಬ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಒಂದೊಂದು ಕಾಫಿ ಲೋಟವನ್ನು ಕೊಟ್ಟು, ಅದನ್ನು ಮಾರಲು ಎಷ್ಟು ಕೇಳುತ್ತೀರಿ ಎಂದು ವಿಚಾರಿಸಲಾಯಿತು. ಲೋಟ ಸಿಗದವರನ್ನು ಕೊಳ್ಳಲು ಎಷ್ಟು ಕೊಡುತ್ತೀರಿ ಎಂದು ಕೇಳಲಾಯಿತು. ಕೈಯಲ್ಲಿ ಲೋಟವಿದ್ದವರು ಹೇಳಿದ ಬೆಲೆ ಇಲ್ಲದವರು ಹೇಳಿದ್ದಕ್ಕಿಂತ ಸುಮಾರು ಎರಡು ಪಟ್ಟಿತ್ತು. ತನ್ನದಾದ ಮೇಲೆ ವಸ್ತುವಿನ ಬೆಲೆ ಮನಸ್ಸಿನಲ್ಲಿ ಏರುತ್ತದೆ. ನಮ್ಮ ಕಡೆಯ ಹಳೆಯ ಸೀರೆ ಅಂಗಡಿಗಳಲ್ಲಿ ಗುರುತಿನ ಮನೆಯವರಿಗೆ ನಾಲ್ಕಾರು ಸೀರೆಗಳನ್ನು ಮನೆಗೇ ಕೊಟ್ಟು ಕಳುಹಿಸಿ, ಬೇಡವಾದವನ್ನು ನಾಳೆ ತಂದುಕೊಡಿ ಎನ್ನುವ ರೂಢಿಯಿದೆಯಲ್ಲ, ಅದರ ಹಿಂದಿನ ವ್ಯಾಪಾರಜ್ಞಾನವೂ ಇದೇ. ಮನೆಯ ಕನ್ನಡಿಯ ಮುಂದೆ ಒಮ್ಮೆ ಹೆಗಲ ಮೇಲೆ ಹಾಕಿಕೊಂಡ ಸೀರೆ ಅಂಗಡಿಗೆ ಹಿಂದಿರುಗುವುದು ಕಡಿಮೆ. ಆದರೆ ಒಂದು ಅಂಶವನ್ನು ಗಮನಿಸಿ: ಹೆಗಲ ಮೇಲೆ ಹಾಕಿಕೊಳ್ಳದೆ ಚೀಲದಲ್ಲಿಯೇ ಉಳಿದ ಸೀರೆ ಮರುದಿನ ಹಾಗೆಯೇ ಹಿಂದಿರುಗುತ್ತದೆ. ಶಿಕ್ಷಕರು ನಿಮ್ಮ ಆ್ಯಪನ್ನು ಇಳಿಸಿಕೊಂಡು ಮಕ್ಕಳ ಹೆಸರುಗಳನ್ನೇ ತುಂಬದಿದ್ದರೆ ಅದು ಅವರದಾಗುವುದೇ ಇಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ನಿಮ್ಮ ಸ್ನೇಹಿತರ ವಾದವನ್ನಷ್ಟೇ ಎತ್ತಿಹಿಡಿದಂತಾಗುತ್ತದೆ. ನಿಮ್ಮ ಅನುಮಾನಕ್ಕೂ ಆಧಾರವಿದೆ. ಡಿಜಿಟಲ್ ಟಿವಿ ಸೇವೆಯೊಂದರ ಗ್ರಾಹಕರನ್ನು ಕುರಿತು 2015ರಲ್ಲಿ ಪ್ರಕಟವಾದ ಮಾರುಕಟ್ಟೆ ಅಧ್ಯಯನವೊಂದರಲ್ಲಿ, ಉಚಿತ ಟ್ರಯಲ್ ಮೂಲಕ ಬಂದ ಗ್ರಾಹಕನಿಂದ ಕಂಪನಿಗೆ ಒಟ್ಟು ಅವಧಿಯಲ್ಲಿ ದೊರೆಯುವ ಮೌಲ್ಯವು, ನೇರವಾಗಿ ಹಣ ಕೊಟ್ಟು ಬಂದ ಗ್ರಾಹಕನಿಂದ ದೊರೆಯುವುದಕ್ಕಿಂತ ಸರಾಸರಿ 59 ಪ್ರತಿಶತ ಕಡಿಮೆ ಎಂದು ಕಂಡುಬಂದಿತು. ಹಾಗೆ ಬಂದವರು ಬೇಗ ಬಿಟ್ಟುಹೋಗುತ್ತಾರೆ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತನ್ನು ಬಹಳಷ್ಟು ಜನ ಉಲ್ಲೇಖಿಸುವುದಿಲ್ಲ: ಟ್ರಯಲ್ ಮೂಲಕ ಬಂದವರ ಉಳಿಯುವ ನಿರ್ಧಾರವು ಅವರು ಸೇವೆಯನ್ನು ಎಷ್ಟು ಬಳಸುತ್ತಾರೆ, ಕಂಪನಿ ಅವರೊಡನೆ ಎಷ್ಟು ಸಂಪರ್ಕದಲ್ಲಿರುತ್ತದೆ ಎಂಬುದಕ್ಕೆ ಇತರರಿಗಿಂತ ಹೆಚ್ಚು ಸ್ಪಂದಿಸುತ್ತದೆ. ಅಂದರೆ ಇವರು ಇನ್ನೂ ಮನಸ್ಸು ಮಾಡದವರು. ಇವರನ್ನು ಒಳಗೆ ಕರೆದು ಸುಮ್ಮನೆ ಕೂರಿಸಿದರೆ ಎದ್ದುಹೋಗುತ್ತಾರೆ. ಕೆಲಸಕ್ಕೆ ಹಚ್ಚಿದರೆ ಉಳಿಯುತ್ತಾರೆ.

ಟಿವಿ ಸೇವೆಯ ಅಂಕಿಯನ್ನು ಲೆಕ್ಕ ಇಡುವ ಆ್ಯಪ್‌ಗೆ ಹಾಗೆಯೇ ಅನ್ವಯಿಸಬಾರದು ಎಂಬುದೂ ನಿಜ. ಟಿವಿಯನ್ನು ಬಿಟ್ಟರೆ ವೀಕ್ಷಕ ಕಳೆದುಕೊಳ್ಳುವುದು ಏನೂ ಇಲ್ಲ, ಆದರೆ ಒಂದು ವರ್ಷದ ಫೀಸಿನ ದಾಖಲೆ ಇರುವ ಆ್ಯಪನ್ನು ಬಿಡುವುದು ಅಷ್ಟು ಸುಲಭವಲ್ಲ.

ಉತ್ತರ 2: ಆ್ಯಪ್ ತಯಾರಕ, ಹೂಟಗಳ್ಳಿ, ಮೈಸೂರು

ಅಧ್ಯಾಪಕರು ಹೇಳಿದ ತತ್ತ್ವಕ್ಕೆ ಆ್ಯಪ್ ಅಂಗಡಿಯ ಒಳಗಿನ ಕೆಲವು ವಿವರಗಳನ್ನು ಸೇರಿಸುತ್ತೇನೆ, ಏಕೆಂದರೆ ಟ್ರಯಲ್ ಎಂಬುದರ ರೂಪವನ್ನು ಬಹುಪಾಲು ಆಪಲ್ ಮತ್ತು ಗೂಗಲ್ ಕಂಪನಿಗಳ ನಿಯಮಗಳೇ ತೀರ್ಮಾನಿಸಿವೆ. 2008ರ ಜುಲೈನಲ್ಲಿ ಆಪಲ್‌ನ ಆ್ಯಪ್ ಸ್ಟೋರ್ ತೆರೆದಾಗ ಟ್ರಯಲ್ ಎಂಬ ಏರ್ಪಾಡೇ ಅಲ್ಲಿರಲಿಲ್ಲ. ತಯಾರಕರು ಅರ್ಧ ಸೌಲಭ್ಯಗಳುಳ್ಳ ಲೈಟ್ ಆವೃತ್ತಿಯೊಂದನ್ನು ಉಚಿತವಾಗಿ, ಪೂರ್ಣ ಆವೃತ್ತಿಯನ್ನು ಬೆಲೆಗೆ ಬೇರೆ ಬೇರೆಯಾಗಿ ಇಡುತ್ತಿದ್ದರು. ಉಚಿತ ಆ್ಯಪಿನೊಳಗೆಯೇ ಖರೀದಿಗೆ ಅವಕಾಶ ದೊರೆತದ್ದು 2009ರ ಅಕ್ಟೋಬರಿನಲ್ಲಿ. ಆಂಡ್ರಾಯ್ಡ್ ಕಡೆ ಮೊದಲು 24 ಗಂಟೆಯೊಳಗೆ ಆ್ಯಪನ್ನು ಹಿಂದಿರುಗಿಸಿ ಹಣ ಪಡೆಯಬಹುದಿತ್ತು, ಅದೇ ಒಂದು ಬಗೆಯ ಟ್ರಯಲ್ ಆಗಿತ್ತು. 2010ರ ಡಿಸೆಂಬರಿನಲ್ಲಿ ಅದನ್ನು 15 ನಿಮಿಷಕ್ಕೆ ಇಳಿಸಿದರು, ಮುಂದೆ ಎರಡು ಗಂಟೆಗೆ ಏರಿಸಿದರು. ಲೆಕ್ಕದ ಆ್ಯಪೊಂದನ್ನು ಅಷ್ಟು ಹೊತ್ತಿನಲ್ಲಿ ಯಾರೂ ಅಳೆದು ನೋಡಲಾರರು. ಎಲ್ಲ ಬಗೆಯ ಆ್ಯಪ್‌ಗಳಿಗೂ ತಾನಾಗಿ ನವೀಕರಣಗೊಳ್ಳುವ ಚಂದಾ ಮಾದರಿಯನ್ನು ಆಪಲ್ 2016ರಲ್ಲಿ ತೆರೆದ ಮೇಲೆಯೇ ಈಗ ನಾವು ಎಲ್ಲೆಡೆ ಕಾಣುವ ಏಳು ದಿನ ಉಚಿತ, ಬಳಿಕ ಹಣ ಎಂಬ ಪದ್ಧತಿ ವ್ಯಾಪಕವಾದದ್ದು.

ಈಗ ನಿಮ್ಮ ಎರಡನೆಯ ಪ್ರಶ್ನೆ. ತಂತ್ರಾಂಶ ಕಂಪನಿಯೊಂದರ ಬಳಕೆದಾರರಿಗೆ 7, 14 ಮತ್ತು 30 ದಿನಗಳ ಟ್ರಯಲ್‌ಗಳನ್ನು ಯಾದೃಚ್ಛಿಕವಾಗಿ ಹಂಚಿ ನಡೆಸಿದ ದೊಡ್ಡ ಪ್ರಯೋಗವೊಂದಿದೆ. ಎಲ್ಲರಿಗೂ ಒಂದೇ ಅವಧಿ ಕೊಡುವುದಾದರೆ 7 ದಿನವೇ ಉತ್ತಮ, 30 ದಿನಕ್ಕೆ ಹೋಲಿಸಿದರೆ ಚಂದಾದಾರರ ಸಂಖ್ಯೆ 5.59 ಪ್ರತಿಶತ ಹೆಚ್ಚಾಗುತ್ತದೆ ಎಂಬುದು ಅದರ ಫಲಿತಾಂಶ. ಅವಧಿ ಉದ್ದವಾದಷ್ಟೂ ಬಳಕೆದಾರರು ಮೊದಲ ಕೆಲವು ದಿನ ಮುಟ್ಟಿ ನೋಡಿ, ಬಳಿಕ ಮರೆತು, ಅವಧಿ ಮುಗಿಯುವ ಹೊತ್ತಿಗೆ ಆ ತಂತ್ರಾಂಶದಿಂದ ಬಹಳ ದೂರ ಹೋಗಿರುತ್ತಾರೆ ಎಂಬುದು ಕಾರಣಗಳಲ್ಲೊಂದು. ಇದನ್ನು ಓದಿ ಅನೇಕರು ಕಣ್ಣು ಮುಚ್ಚಿ ಏಳು ದಿನ ಇಡುತ್ತಾರೆ.

ನಿಮ್ಮ ಆ್ಯಪ್‌ಗೆ ಮಾತ್ರ ಏಳು ದಿನ ಇಡಬೇಡಿ ಎಂಬುದು ನನ್ನ ಸಲಹೆ. ಚಿತ್ರ ತಿದ್ದುವ ಅಥವಾ ದಾಖಲೆ ಸ್ಕ್ಯಾನ್ ಮಾಡುವ ಆ್ಯಪಿನ ಗುಣ ಮೊದಲ ಹತ್ತು ನಿಮಿಷದಲ್ಲಿಯೇ ತಿಳಿಯುತ್ತದೆ, ಅದಕ್ಕೆ ಮೂರು ದಿನವೂ ಧಾರಾಳ. ನಿಮ್ಮದರ ಗುಣ ತಿಳಿಯುವುದು ತಿಂಗಳಿಗೆ ಒಮ್ಮೆ, ಫೀಸು ಬರುವ ಮೊದಲ ವಾರದಲ್ಲಿ. ತಿಂಗಳ ಹನ್ನೆರಡನೆಯ ತಾರೀಖು ಇಳಿಸಿಕೊಂಡವರ ಏಳು ದಿನ ಹತ್ತೊಂಬತ್ತಕ್ಕೆ ಮುಗಿದುಹೋಗುತ್ತದೆ. ಅಷ್ಟರಲ್ಲಿ ಅವರು ಮಾಡಿರುವುದು ಮಕ್ಕಳ ಹೆಸರು, ಪೋಷಕರ ಫೋನ್ ಸಂಖ್ಯೆ ತುಂಬುವ ಬೇಸರದ ಕೆಲಸ ಮಾತ್ರ; ಬಾಕಿಯ ಪಟ್ಟಿ ಒಂದೇ ಸಲಕ್ಕೆ ಕಣ್ಣೆದುರು ನಿಲ್ಲುವ ಸುಖವನ್ನು ಅವರು ಕಂಡೇ ಇರುವುದಿಲ್ಲ. ಕಷ್ಟವೆಲ್ಲ ಉಚಿತ ಅವಧಿಯಲ್ಲಿ, ಫಲವೆಲ್ಲ ಹಣ ಕೊಟ್ಟ ಮೇಲೆ ಎಂದಾದರೆ ಯಾರು ಮುಂದುವರಿಯುತ್ತಾರೆ? ಆದ್ದರಿಂದ ಅವಧಿಯನ್ನು ದಿನಗಳಲ್ಲಿ ಎಣಿಸದೆ ಕೆಲಸದಲ್ಲಿ ಎಣಿಸಿ. ಆ್ಯಪ್ ಇಳಿಸಿಕೊಂಡ ದಿನದಿಂದ ಗಡಿಯಾರ ಓಡುವುದು ಬೇಡ. ಮೊದಲ ಬ್ಯಾಚಿನ ಹೆಸರುಗಳು ತುಂಬಿದ ದಿನ ಅದು ಆರಂಭವಾಗಲಿ, ಒಂದು ಫೀಸಿನ ಸುತ್ತು ಪೂರ್ತಿಯಾದ ಮೇಲೆ ಮುಗಿಯಲಿ.

ಆಟೋಪೇ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಡುಸಾದದ್ದು: ಮೊದಲೇ ಪಡೆಯಿರಿ. ಹಣದ ವಿವರ ಕೇಳದ ಟ್ರಯಲ್‌ಗೆ ಸುಮ್ಮನೆ ನೋಡಲು ಬರುವವರೇ ಹೆಚ್ಚು. ಆಟೋಪೇಗೆ ಪಿನ್ ಒತ್ತಿದವರು ಆಗಲೇ ಅರ್ಧ ಮನಸ್ಸು ಮಾಡಿರುತ್ತಾರೆ, ಅವಧಿಯ ಕೊನೆಯಲ್ಲಿ ಅವರಲ್ಲಿ ಉಳಿಯುವವರ ಪ್ರಮಾಣವೂ ದೊಡ್ಡದು. ಪ್ಲೇ ಸ್ಟೋರಿನ ಚಂದಾ ಟ್ರಯಲ್ ಬಳಸಿದರೆ ಈ ವ್ಯವಸ್ಥೆ ತಾನಾಗಿಯೇ ಬರುತ್ತದೆ. 2022ರ ಜನವರಿಯಿಂದ ಚಂದಾಗಳ ಮೇಲೆ ಗೂಗಲ್ ತೆಗೆದುಕೊಳ್ಳುವ ಪಾಲು 15 ಪ್ರತಿಶತ, ಅಂದರೆ ನಿಮ್ಮ 499ರಲ್ಲಿ ಸುಮಾರು 75 ರೂಪಾಯಿ. ಆ ಹಣಕ್ಕೆ ವಸೂಲಿಯ ತಲೆನೋವನ್ನು ಅವರಿಗೇ ಬಿಡುವುದು ಇಬ್ಬರೇ ಇರುವ ನಿಮ್ಮಂತಹ ತಂಡಕ್ಕೆ ನಷ್ಟವಲ್ಲ.

ಉತ್ತರ 3: ಮನೆಪಾಠದ ಶಿಕ್ಷಕಿ, ವಿದ್ಯಾನಗರ, ಮಂಡ್ಯ

ನೀವು ಯಾರಿಗಾಗಿ ಆ್ಯಪ್ ಮಾಡಿದ್ದೀರೋ ಅವರಲ್ಲಿ ನಾನೂ ಒಬ್ಬಳು, ಆದ್ದರಿಂದ ಕೊಳ್ಳುವವರ ಕಡೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ. ಹೂಟಗಳ್ಳಿಯ ಸರ್ ಅವರು ಪಿನ್ ಒತ್ತಿದವರು ಅರ್ಧ ಮನಸ್ಸು ಮಾಡಿರುತ್ತಾರೆ ಎಂದಿದ್ದಾರೆ. ಪಿನ್ ಕೇಳಿದ ಕಡೆಯೇ ಹಿಂದಿರುಗಿದವರನ್ನು ಅವರ ಲೆಕ್ಕ ಸೇರಿಸಿಕೊಂಡಿಲ್ಲ. ಉಚಿತ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಮುಂದಿನ ಪುಟದಲ್ಲಿ ಯುಪಿಐ ಪಿನ್ ಕೇಳಿದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ನನ್ನ ಪರಿಚಯದ ಶಿಕ್ಷಕಿಯರಲ್ಲಿ ಹೆಚ್ಚಿನವರೂ ಹಾಗೆಯೇ. ಹಣದ ಚಿಂತೆಗಿಂತ, ಅದನ್ನು ಯಾವಾಗ, ಎಲ್ಲಿ ಹೋಗಿ ರದ್ದುಮಾಡಬೇಕು ಎಂಬುದನ್ನು ಒಂದು ತಿಂಗಳು ತಲೆಯಲ್ಲಿಟ್ಟುಕೊಂಡು ಓಡಾಡುವುದೇ ದೊಡ್ಡ ಹೊರೆ.

ಫೀಸು ತಿಂಗಳ ಮೊದಲ ವಾರದಲ್ಲಿ ಬರುತ್ತದೆ ಎಂಬ ಲೆಕ್ಕ ಮೈಸೂರಿನ ಸಂಬಳದಾರರ ಮನೆಗಳಿಗೆ ಸರಿ. ನಮ್ಮಲ್ಲಿಗೆ ಸುತ್ತಲಿನ ಹಳ್ಳಿಗಳಿಂದಲೂ ಮಕ್ಕಳು ಬರುತ್ತಾರೆ. ಕೆಲವು ಪೋಷಕರು ಡೇರಿಯ ಬಟವಾಡೆ ಆದಾಗ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ, ಕೆಲವರು ಕಬ್ಬಿನ ಹಣ ಕೈಸೇರಿದ ಮೇಲೆ ನಾಲ್ಕೈದು ತಿಂಗಳದ್ದನ್ನು ಒಟ್ಟಿಗೇ ತೀರಿಸುತ್ತಾರೆ. ನನಗೆ ನಿಜವಾಗಿ ಬೇಕಾಗಿರುವುದು ಹೀಗೆ ಬಿಡಿಬಿಡಿಯಾಗಿ ಬಂದ ಹಣದ ಲೆಕ್ಕ ತಪ್ಪದಂತೆ ಇಡುವ ಸಾಧನ. ನೋಟ್‌ಬುಕ್ಕು ಸೋಲುವುದೂ ಅಲ್ಲಿಯೇ. ಒಂದೇ ತಿಂಗಳ ಟ್ರಯಲ್‌ನಲ್ಲಿ ನನಗೆ ಇದು ಗೊತ್ತಾಗುವುದು ಕಷ್ಟ. ಹಿಂದಿನ ಎರಡು ತಿಂಗಳ ಬಾಕಿಯನ್ನು ಆರಂಭದಲ್ಲಿಯೇ ತುಂಬಿಸಿಕೊಳ್ಳುವ ಅವಕಾಶವನ್ನು ಕೊಟ್ಟರೆ, ಮೊದಲ ದಿನವೇ ಬಾಕಿಯ ಪಟ್ಟಿ ಕಾಣುತ್ತದೆ, ತೀರ್ಮಾನಿಸುವುದಕ್ಕೆ ತಿಂಗಳು ಕಾಯಬೇಕಾಗುವುದಿಲ್ಲ.

ಇನ್ನೊಂದು ವಿಷಯವನ್ನು ತಯಾರಕರು ಯಾರೂ ಮೊದಲೇ ಹೇಳುವುದಿಲ್ಲ: ಅವಧಿ ಮುಗಿದ ಮೇಲೆ ನಾನು ತುಂಬಿದ ಹೆಸರು, ಹಾಜರಿ, ಲೆಕ್ಕಗಳು ಏನಾಗುತ್ತವೆ? ಹಣ ಕೊಡದಿದ್ದರೆ ನನ್ನ ದಾಖಲೆಗೇ ಬೀಗ ಬೀಳುತ್ತದೆ ಎಂಬ ಭಯವಿದ್ದರೆ ನಾನು ಟ್ರಯಲ್‌ನಲ್ಲಿ ನಿಜವಾದ ಹೆಸರುಗಳನ್ನು ತುಂಬುವುದೇ ಇಲ್ಲ, ಸುಳ್ಳು ಹೆಸರು ಹಾಕಿ ಎರಡು ಗುಂಡಿ ಒತ್ತಿ ನೋಡಿ ಬಿಡುತ್ತೇನೆ. ಆಗ ಮಂಡ್ಯದ ಅಧ್ಯಾಪಕರು ಹೇಳಿದ ಸೀರೆ ಚೀಲದಿಂದ ಹೊರಗೇ ಬರುವುದಿಲ್ಲ. ಲೆಕ್ಕವನ್ನು ಎಕ್ಸೆಲ್ ಕಡತವಾಗಿ ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದು ಎಂಬ ಒಂದು ಸಾಲು ಮೊದಲ ಪುಟದಲ್ಲಿಯೇ ಇದ್ದರೆ ನಾನು ಧೈರ್ಯವಾಗಿ ತುಂಬುತ್ತೇನೆ. ಬೆಲೆಯ ವಿಷಯದಲ್ಲಿ ನನಗೆ ತಕರಾರಿಲ್ಲ. ಒಬ್ಬ ವಿದ್ಯಾರ್ಥಿಯ ಮರೆತುಹೋದ ಒಂದು ತಿಂಗಳ ಫೀಸು ಸಿಕ್ಕಿದರೂ ಅದಕ್ಕಿಂತ ಹೆಚ್ಚಾಗುತ್ತದೆ.

ಉತ್ತರ 4: ನಿವೃತ್ತ ಬ್ಯಾಂಕ್ ಅಧಿಕಾರಿ, ಕುವೆಂಪುನಗರ, ಮೈಸೂರು

ಆಟೋಪೇ ಕುರಿತ ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಇದರಲ್ಲಿ ಇಷ್ಟಾನಿಷ್ಟಗಳ ಜೊತೆಗೆ ಕಾನೂನಿನ ಮಾತೂ ಇದೆ.

ನಿಗದಿತ ಅವಧಿಗೊಮ್ಮೆ ತಾನಾಗಿ ಹಣ ಕಡಿತವಾಗುವ ಒಪ್ಪಿಗೆಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲಿ ಹೊರಡಿಸಿದ ಚೌಕಟ್ಟು 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಒಪ್ಪಿಗೆಯನ್ನು ನೋಂದಾಯಿಸುವಾಗ ಗ್ರಾಹಕರ ಹೆಚ್ಚುವರಿ ದೃಢೀಕರಣ ಬೇಕು. ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಸೂಚನೆ ಹೋಗಬೇಕು. ಆ ಸೂಚನೆಯಲ್ಲಿಯೇ ಬೇಡವೆನ್ನುವ ಅವಕಾಶವಿರಬೇಕು. ಪ್ರತಿ ಸಲವೂ ದೃಢೀಕರಣ ಬೇಡದ ಮೊತ್ತದ ಮಿತಿ ಮೊದಲು 2,000 ರೂಪಾಯಿಯಿದ್ದು, ಬಳಿಕ 5,000ಕ್ಕೆ, 2022ರ ಜೂನ್‌ನಲ್ಲಿ 15,000 ರೂಪಾಯಿಗೆ ಏರಿತು. ನಿಮ್ಮ 499 ಇದರ ಬಹಳ ಕೆಳಗಿದೆ, ಆದ್ದರಿಂದ ತಾಂತ್ರಿಕವಾಗಿ ಅಡ್ಡಿಯಿಲ್ಲ. ಆದರೆ ಮರೆವನ್ನೇ ನಂಬಿಕೊಂಡ ವ್ಯಾಪಾರ ಇಲ್ಲಿ ಹಿಂದಿನಷ್ಟು ಸಲೀಸಲ್ಲ ಎಂಬುದನ್ನು ಗಮನಿಸಿ. ಹಿಂದಿನ ದಿನ ಬಂದ ಸೂಚನೆಯನ್ನು ನೋಡಿ ರದ್ದುಮಾಡುವವರು ರದ್ದುಮಾಡಿಯೇ ಮಾಡುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ. ಡಾರ್ಕ್ ಪ್ಯಾಟರ್ನ್ ಎಂದು ಕರೆಯಲಾಗುವ, ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಅದು ಪಟ್ಟಿ ಮಾಡಿದೆ. ಅವುಗಳಲ್ಲಿ ಚಂದಾ ಬಲೆ ಎಂಬುದು ಒಂದು. ರದ್ದುಮಾಡುವ ದಾರಿಯನ್ನು ಅಡಗಿಸುವುದು, ಅದನ್ನು ಜಟಿಲಗೊಳಿಸುವುದು ಮಾತ್ರವಲ್ಲದೆ, ಉಚಿತ ಚಂದಾ ಪಡೆಯಲು ಹಣಪಾವತಿಯ ವಿವರವನ್ನೋ ಆಟೋ ಡೆಬಿಟ್ ಒಪ್ಪಿಗೆಯನ್ನೋ ಕೊಡುವಂತೆ ಬಲವಂತಪಡಿಸುವುದನ್ನೂ ಆ ವ್ಯಾಖ್ಯೆ ಒಳಗೊಂಡಿದೆ. ಟ್ರಯಲ್ ಮುಗಿದು ಹಣದ ಚಂದಾ ಆಗಿ ಬದಲಾದದ್ದನ್ನು ಗ್ರಾಹಕರಿಗೆ ತಿಳಿಸದಿರುವುದೂ ಅದೇ ಪಟ್ಟಿಯ ಇನ್ನೊಂದು ಬಗೆಯ ಉದಾಹರಣೆಯಾಗಿ ಬರುತ್ತದೆ. ದೊಡ್ಡ ಕಂಪನಿಗಳು ಇಂದಿಗೂ ಹಾಗೆ ಮಾಡುತ್ತಿವೆಯಲ್ಲ ಎಂದು ನೀವು ಕೇಳಬಹುದು. ಅವರಿಗೆ ವಕೀಲರ ಪಡೆಯಿದೆ, ನಿಮಗೆ ಇಲ್ಲ.

ಕಾನೂನನ್ನು ಬದಿಗಿಟ್ಟು ಲಾಭದ ದೃಷ್ಟಿಯಿಂದಲೇ ನೋಡೋಣ. ಯುರೋಪಿನ ಪ್ರಮುಖ ಪತ್ರಿಕೆಯೊಂದು ತನ್ನ ಆನ್‌ಲೈನ್ ಓದುಗರಿಗೆ ರಿಯಾಯಿತಿ ಅವಧಿಯ ಚಂದಾವನ್ನು ಎರಡು ರೂಪದಲ್ಲಿ ಕೊಟ್ಟು ಪರೀಕ್ಷಿಸಿತು. ಒಂದರಲ್ಲಿ ಅವಧಿ ಮುಗಿದ ಮೇಲೆ ಚಂದಾ ತಾನಾಗಿ ಮುಂದುವರಿಯುತ್ತಿತ್ತು, ಇನ್ನೊಂದರಲ್ಲಿ ತಾನಾಗಿ ನಿಲ್ಲುತ್ತಿತ್ತು. ತಾನಾಗಿ ಮುಂದುವರಿಯುತ್ತದೆ ಎಂದು ತಿಳಿದಾಗ, ಇಲ್ಲದಿದ್ದರೆ ಸೇರುತ್ತಿದ್ದವರಲ್ಲಿ 24ರಿಂದ 36 ಪ್ರತಿಶತ ಜನ ರಿಯಾಯಿತಿಯನ್ನೇ ಬಿಟ್ಟುಕೊಟ್ಟರು. 10 ಪ್ರತಿಶತ ಜನ ಮುಂದಿನ ಎರಡು ವರ್ಷಗಳಲ್ಲಿಯೂ ಆ ಪತ್ರಿಕೆಯ ಕಡೆ ಬರಲಿಲ್ಲ. ತಾವು ಮರೆಯುತ್ತೇವೆ ಎಂಬುದು ಜನರಿಗೆ ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಮುಂಚಿತವಾಗಿಯೇ ದೂರ ನಿಲ್ಲುತ್ತಾರೆ. ಮಂಡ್ಯದ ಮೇಡಂ ಬರೆದಿರುವುದೂ ಇದನ್ನೇ. ಹೂಟಗಳ್ಳಿಯವರು ಹೇಳಿದ ದೊಡ್ಡ ಪ್ರಮಾಣವು ಬಾಗಿಲೊಳಗೆ ಬಂದವರ ನಡುವಿನ ಲೆಕ್ಕ; ಬಾಗಿಲಿಂದಾಚೆಯೇ ತಿರುಗಿಹೋದವರನ್ನು ಎಣಿಸಿದರೆ ಚಿತ್ರ ಬೇರೆಯಾಗುತ್ತದೆ. ಸೀರೆಯನ್ನು ಮನೆಗೆ ಕಳುಹಿಸುವ ಅಂಗಡಿಯವರೂ ಗ್ರಾಹಕರ ಬೀರುವಿನ ಕೀಲಿಯನ್ನು ಕೇಳಿ ಇಟ್ಟುಕೊಳ್ಳುವುದಿಲ್ಲ.

ಪ್ರಸ್ತಾಪ ಬಂದಿರುವುದರಿಂದ ಬಳಕೆದಾರರಿಗೂ ಒಂದು ಮಾತು: ಆ್ಯಪನ್ನು ಫೋನಿನಿಂದ ಅಳಿಸಿದರೆ ಚಂದಾ ರದ್ದಾಗುವುದಿಲ್ಲ. ಅದನ್ನು ಪ್ಲೇ ಸ್ಟೋರಿನ ಚಂದಾ ಪಟ್ಟಿಯಲ್ಲಿ ರದ್ದುಮಾಡಬೇಕು. ಕೊಟ್ಟ ಆಟೋಪೇ ಒಪ್ಪಿಗೆಗಳೆಲ್ಲ ನಿಮ್ಮ ಯುಪಿಐ ಆ್ಯಪಿನಲ್ಲಿಯೂ ಕಾಣುತ್ತವೆ, ಅಲ್ಲಿಂದಲೂ ಹಿಂತೆಗೆದುಕೊಳ್ಳಬಹುದು. ವಿವಾದವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಪ್ರಶ್ನೆ ಕೇಳಿದವರ ಮರುಮಾತು: ವಿಜಯನಗರ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಸ್ನೇಹಿತರ ಜೊತೆ ಕುಳಿತು ಓದಿದೆವು. ಆಟೋಪೇ ಇಲ್ಲದೆ, ಮೊದಲ ಬ್ಯಾಚಿನ ಹೆಸರುಗಳು ತುಂಬಿದ ದಿನದಿಂದ ಆರಂಭವಾಗುವ ಟ್ರಯಲ್ ಕೊಡುವುದೆಂದು ಒಪ್ಪಿದ್ದೇವೆ. ಹಳೆಯ ಬಾಕಿಯನ್ನು ಮೊದಲೇ ತುಂಬಿಸಿಕೊಳ್ಳುವ ಪುಟ ನಮ್ಮಲ್ಲಿರಲಿಲ್ಲ, ಅದನ್ನು ಸೇರಿಸುತ್ತೇವೆ. ಎಕ್ಸೆಲ್ ಇಳಿಸಿಕೊಳ್ಳುವ ಸೌಲಭ್ಯ ಸೆಟ್ಟಿಂಗ್ಸ್‌ನ ಒಳಗೆಲ್ಲೋ ಇದೆ, ಅದನ್ನು ಮೊದಲ ಪುಟಕ್ಕೆ ತರುತ್ತೇವೆ.

ಉಳಿದಿರುವ ಗೊಂದಲ ಒಂದೇ. ಕಾಲಮಿತಿಯ ಟ್ರಯಲ್ ಬದಲು, ಹತ್ತು ವಿದ್ಯಾರ್ಥಿಗಳವರೆಗೆ ಶಾಶ್ವತವಾಗಿ ಉಚಿತ, ಅದಕ್ಕಿಂತ ಹೆಚ್ಚಾದರೆ ಹಣ ಎಂದು ಇಟ್ಟರೆ ಹೇಗೆ ಎಂದು ಸ್ನೇಹಿತರು ಹೊಸದಾಗಿ ಕೇಳುತ್ತಿದ್ದಾರೆ. ಅವಧಿ ಮುಗಿದ ದಿನ ಹಣ ಕೊಡದವರಿಗೆ ಏನನ್ನು ತೆರೆದಿಡಬೇಕು, ಏನನ್ನು ಮುಚ್ಚಬೇಕು ಎಂಬುದೂ ಸ್ಪಷ್ಟವಾಗಿಲ್ಲ.

ಉತ್ತರ 5: ಆ್ಯಪ್ ತಯಾರಕ, ಹೂಟಗಳ್ಳಿ, ಮೈಸೂರು

ಆಟೋಪೇ ಬಗ್ಗೆ ಬ್ಯಾಂಕಿನ ಸರ್ ಕೊಟ್ಟ ಪತ್ರಿಕೆಯ ಪ್ರಯೋಗ ಬಲವಾದದ್ದೇ. ಆದರೂ ಆ್ಯಪ್‌ಗಳಲ್ಲಿ ಮೊದಲೇ ಒಪ್ಪಿಗೆ ಪಡೆಯುವವರ ವರಮಾನ ಮೊದಲ ತಿಂಗಳುಗಳಲ್ಲಿ ಹೆಚ್ಚಿರುತ್ತದೆ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ನಿಮ್ಮ ವ್ಯಾಪಾರ ಒಬ್ಬ ಶಿಕ್ಷಕರು ಇನ್ನೊಬ್ಬರಿಗೆ ಹೇಳುವುದರ ಮೇಲೆ ನಿಂತಿರುವುದರಿಂದ ನಿಮ್ಮ ತೀರ್ಮಾನ ನಿಮಗೆ ಸರಿಯಿದೆ.

ಹತ್ತು ವಿದ್ಯಾರ್ಥಿಗಳ ಮಿತಿಯ ಬಗ್ಗೆ: ಹತ್ತು ಮಕ್ಕಳಿರುವವರ ಲೆಕ್ಕ ತಲೆಯಲ್ಲಿಯೇ ನಿಲ್ಲುತ್ತದೆ, ಅವರಿಗೆ ಆ್ಯಪಿನ ಅಗತ್ಯವೇ ಕಡಿಮೆ, ಹಣ ಕೊಡುವವರೂ ಅವರಲ್ಲ. ನಲವತ್ತು ಮಕ್ಕಳಿರುವವರು ಹತ್ತೇ ಹೆಸರನ್ನು ತುಂಬಿ ನೋಡಿದರೆ ಅರ್ಧ ಲೆಕ್ಕ ಆ್ಯಪಿನಲ್ಲಿ, ಅರ್ಧ ನೋಟ್‌ಬುಕ್ಕಿನಲ್ಲಿ ಉಳಿದು, ಎರಡೂ ಕಡೆ ಕಿರಿಕಿರಿಯಾಗುತ್ತದೆ. ನಿಮಗೆ ಬೇಕಾಗಿರುವವರು ಈ ಎರಡನೆಯವರು. ಅವರಿಗೆ ಎಲ್ಲ ಹೆಸರುಗಳನ್ನೂ ತುಂಬಲು ಬಿಟ್ಟು ಕಾಲಕ್ಕೆ ಮಿತಿ ಹಾಕುವುದೇ ಮೇಲು. ಸಣ್ಣವರಿಗೆ ಉಚಿತವಾಗಿ ಕೊಟ್ಟರೆ ಹೆಸರು ಹರಡುತ್ತದೆ ಎಂಬುದು ನಿಜ, ಆದರೆ ಸರ್ವರ್ ಖರ್ಚು ಮತ್ತು ಫೋನ್ ಕರೆಗಳು ಅವರಿಂದಲೂ ಬರುತ್ತವೆ. ಇಬ್ಬರೇ ಇರುವಾಗ ಅದು ಬೇಡ.

ಅವಧಿ ಮುಗಿದ ದಿನ ಓದುವುದನ್ನು, ಇಳಿಸಿಕೊಳ್ಳುವುದನ್ನು ಯಾವತ್ತಿಗೂ ಮುಚ್ಚಬೇಡಿ. ಹೊಸ ಹಾಜರಿ, ಹೊಸ ರಸೀದಿ, ವಾಟ್ಸ್‌ಆ್ಯಪ್ ನೆನಪೋಲೆ ಇವು ಮೂರನ್ನು ನಿಲ್ಲಿಸಿದರೆ ಸಾಕು. ಟ್ರಯಲ್ ಎಷ್ಟು ಸಲ ದೊರೆಯಬೇಕು ಎಂಬುದನ್ನು ಫೋನಿನ ಮೇಲೆ ಅಲ್ಲ, ನೋಂದಾಯಿಸಿದ ಮೊಬೈಲ್ ಸಂಖ್ಯೆಯ ಮೇಲೆ ನಿಮ್ಮ ಸರ್ವರಿನಲ್ಲಿ ಗುರುತಿಡಿ, ಇಲ್ಲದಿದ್ದರೆ ಅಳಿಸಿ ಮತ್ತೆ ಹಾಕಿಕೊಂಡವರಿಗೆಲ್ಲ ಹೊಸ ತಿಂಗಳು ಸಿಗುತ್ತದೆ.

ಉತ್ತರ 6: ಮನೆಪಾಠದ ಶಿಕ್ಷಕಿ, ವಿದ್ಯಾನಗರ, ಮಂಡ್ಯ

ನಿಲ್ಲಿಸುವ ಮೂರರಲ್ಲಿ ರಸೀದಿಯನ್ನು ಸೇರಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಪೋಷಕರು ಹಣ ಕೊಟ್ಟು ಎದುರಿಗೆ ನಿಂತಿರುವಾಗ ಆ್ಯಪ್ ರಸೀದಿ ಕೊಡಲು ನಿರಾಕರಿಸಿದರೆ ಮುಜುಗರವಾಗುವುದು ನನಗೆ, ನಿಮಗಲ್ಲ. ಆ ಸಿಟ್ಟಿನಲ್ಲಿ ಯಾರೂ 499 ಕೊಡುವುದಿಲ್ಲ. ನೆನಪೋಲೆಯನ್ನು ನಿಲ್ಲಿಸಿ, ಅದು ನಿಂತ ತಿಂಗಳು ಬಾಕಿದಾರರಿಗೆಲ್ಲ ನಾನೇ ಫೋನ್ ಮಾಡಬೇಕಾಗುತ್ತದೆ, ಆಗ ಆ್ಯಪಿನ ಬೆಲೆ ನನಗೆ ತಿಳಿಯುತ್ತದೆ.

ಬಿಡುಗಡೆಯ ಸಮಯವನ್ನೂ ಸ್ವಲ್ಪ ಯೋಚಿಸಿ. ನಾವು ಹೊಸ ಬ್ಯಾಚಿನ ಪಟ್ಟಿಯನ್ನು ಬರೆಯುವುದು ಶಾಲೆ ತೆರೆಯುವ ಮೇ ಕೊನೆ, ಜೂನ್ ಹೊತ್ತಿಗೆ. ಆ ಪಟ್ಟಿ ನೋಟ್‌ಬುಕ್ಕಿನಲ್ಲಿ ಬರೆದು ಮುಗಿದ ಮೇಲೆ ಟ್ರಯಲ್ ಎಷ್ಟೇ ಉದ್ದವಾಗಿದ್ದರೂ ಅದನ್ನು ಮತ್ತೊಮ್ಮೆ ಫೋನಿನಲ್ಲಿ ತುಂಬುವವರು ಕಡಿಮೆ.